ಹುಸಿಮದ್ದು ಮತ್ತು ಹುಸಿ ಭರವಸೆ: ಕಾಂಡಕೋಶ ಪ್ರಯೋಗಗಳ ಕುರಿತು ಕೆಲವು ಮಾತು

(ಸಂಘದ ವಾರ್ಷಿಕ ಸಮಾವೇಶದಲ್ಲಿ ಸದಸ್ಯರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ವೈದ್ಯವಿಜ್ಞಾನದ ವಿಷಯ ಮಾತಾಡಲು ಉರ್ದು ಮತ್ತು ಕನ್ನಡ ಪಾಠ ಮಾಡುವ ನನ್ನನ್ನು ಏಕೆ ನಿಲ್ಲಿಸಿದ್ದಾರೆ ಎಂದು ತಾವು ಯೋಚಿಸುತ್ತಿರಬಹುದು. ವಿಜ್ಞಾನದ ಮೇಷ್ಟ್ರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಈ ವಿಷಯದಲ್ಲಿ ವಿಜ್ಞಾನ ಎಷ್ಟಿದೆಯೋ ಮಾತೂ ಅಷ್ಟೇ ಇದೆ. ಯಾವ ಪದ ಬಳಸಿದರು, ಅದನ್ನು ರೋಗಿ ಹೇಗೆ ಅರ್ಥ ಮಾಡಿಕೊಂಡ ಎನ್ನುವುದರ ಮೇಲೆಯೇ ನ್ಯಾಯ ಅನ್ಯಾಯದ ತೀರ್ಮಾನ ನಿಂತಿದೆ. ಆದ್ದರಿಂದ ಒಪ್ಪಿಕೊಂಡೆ.

ಪ್ರಶ್ನೆ ಇಷ್ಟೇ. ಒಂದು ಹೊಸ ಚಿಕಿತ್ಸೆ ಕೆಲಸ ಮಾಡುತ್ತದೆಯೋ ಇಲ್ಲವೋ ನೋಡಲು ನೂರು ಜನ ರೋಗಿಗಳನ್ನು ಸೇರಿಸುತ್ತಾರೆ. ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಭಾಗ ಮಾಡುತ್ತಾರೆ. ಐವತ್ತು ಜನರಿಗೆ ನಿಜವಾದ ಮದ್ದು, ಉಳಿದ ಐವತ್ತು ಜನರಿಗೆ ಅದರಂತೆಯೇ ಕಾಣುವ ಆದರೆ ಒಳಗೆ ಏನೂ ಇಲ್ಲದ ವಸ್ತು. ಇದನ್ನೇ ಪ್ಲಾಸಿಬೊ ಅನ್ನುತ್ತಾರೆ. ಲ್ಯಾಟಿನ್ ಭಾಷೆಯ ಈ ಮಾತಿಗೆ ‘ನಾನು ಮೆಚ್ಚಿಸುವೆ’ ಎಂದರ್ಥ. ಕನ್ನಡದಲ್ಲಿ ಹುಸಿಮದ್ದು ಎನ್ನೋಣ. ಯಾರಿಗೆ ಯಾವುದು ಸಿಕ್ಕಿದೆ ಎಂಬುದು ರೋಗಿಗೂ ಗೊತ್ತಿಲ್ಲ, ನೋಡಿಕೊಳ್ಳುವ ವೈದ್ಯರಿಗೂ ಗೊತ್ತಿಲ್ಲ. ಕಾಯಿಲೆಯಲ್ಲಿ ನರಳುವವನಿಗೆ ಗೊತ್ತಿದ್ದೂ ಉಪ್ಪು ನೀರು ಚುಚ್ಚುವುದು ಮೋಸ ಅಲ್ಲವೇ?

ಮಾತ್ರೆಯ ವಿಷಯದಲ್ಲಿ ಈ ಪ್ರಶ್ನೆ ಅಷ್ಟು ಚುಚ್ಚುವುದಿಲ್ಲ. ಸಕ್ಕರೆ ಮಾತ್ರೆ ನುಂಗಿದರೆ ಹಾನಿ ಏನೂ ಇಲ್ಲ. ಆದರೆ ಕಾಂಡಕೋಶ, ಅಂದರೆ ಪತ್ರಿಕೆಗಳಲ್ಲಿ ತಾವು ಓದುವ ಸ್ಟೆಮ್ ಸೆಲ್, ಮಾತ್ರೆಯಲ್ಲ. ಅದನ್ನು ಸೊಂಟದ ಮೂಳೆಯ ಮಜ್ಜೆಯಿಂದ ಸೂಜಿ ಹಾಕಿ ತೆಗೆಯಬೇಕು, ಬೆನ್ನುಹುರಿಗೆ ಚುಚ್ಚಬೇಕು, ಕೆಲವೊಮ್ಮೆ ತಲೆಬುರುಡೆಗೆ ತೂತು ಕೊರೆಯಬೇಕು. ಹಾಗಿರುವಾಗ ಹುಸಿಮದ್ದಿನ ಗುಂಪಿಗೂ ಹುಸಿಯಾಗಿ ತೂತು ಕೊರೆಯಬೇಕೇ? ಕೊರೆದಿದ್ದಾರೆ. ಅದರ ವಿವರಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾಂಡಕೋಶದ ಬಗ್ಗೆ ಎರಡು ಮಾತು. ನಮ್ಮ ದೇಹದ ಹೆಚ್ಚಿನ ಕೋಶಗಳಿಗೆ ಒಂದೊಂದು ಕೆಲಸ ಗೊತ್ತು ಮಾಡಿಕೊಟ್ಟಿರುತ್ತದೆ. ಕಾಂಡಕೋಶಕ್ಕೆ ಹಾಗಿಲ್ಲ, ಅದು ತನ್ನಂಥ ಇನ್ನಷ್ಟು ಕೋಶಗಳನ್ನು ಹುಟ್ಟಿಸುತ್ತದೆ, ಬೇರೆ ಬೇರೆ ಕೋಶಗಳಾಗಿಯೂ ಬದಲಾಗಬಲ್ಲದು. ಎಲುಬಿನ ಮಜ್ಜೆಯ ಕಾಂಡಕೋಶದಿಂದ ರಕ್ತ ಹುಟ್ಟುತ್ತದೆ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾದಂಥ ಕಾಯಿಲೆಗಳಿಗೆ ಮಜ್ಜೆಯ ಕಸಿ ಮಾಡುವುದು ಪರೀಕ್ಷೆಗೊಂಡು ಗೆದ್ದ ಚಿಕಿತ್ಸೆ. ಅದಕ್ಕೆ ಹಾದಿ ಹಾಕಿಕೊಟ್ಟ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ಅದರಾಚೆ ಪಾರ್ಶ್ವವಾಯು, ಮಂಡಿನೋವು, ಮಿದುಳಿನ ಕಾಯಿಲೆ, ಸ್ನಾಯು ಸವೆತ ಎಂದು ಎಲ್ಲದಕ್ಕೂ ಕಾಂಡಕೋಶವೇ ರಾಮಬಾಣ ಎನ್ನುವ ಜಾಹೀರಾತುಗಳಿವೆಯಲ್ಲ, ಅವು ಬೇರೆ ಕಥೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯು ರಕ್ತಸಂಬಂಧಿ ಕಾಯಿಲೆ ಮೊದಲಾದವುಗಳಿಗೆ ಮಾಡುವ ಮಜ್ಜೆಯ ಕಸಿಯನ್ನು ಮಾತ್ರ ಚಿಕಿತ್ಸೆ ಎಂದು ಒಪ್ಪಿತು. ಮಿಕ್ಕಿದ್ದು ಸಂಶೋಧನೆ, ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ನಡೆಯಬೇಕು, ಭಾಗವಹಿಸುವವರಿಂದ ಹಣ ಪಡೆಯಬಾರದು ಎಂದು ಅದು ಸ್ಪಷ್ಟವಾಗಿ ಹೇಳಿತು.

ಹೋಲಿಕೆಯ ಗುಂಪು ಎಂಬುದು ನಿನ್ನೆ ಮೊನ್ನೆಯ ಪಾಶ್ಚಾತ್ಯ ಕಲ್ಪನೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಒಂಬತ್ತು ಹತ್ತನೆಯ ಶತಮಾನಗಳಲ್ಲಿ ರೈ ಮತ್ತು ಬಗ್ದಾದ್ ನಗರಗಳಲ್ಲಿ ಆಸ್ಪತ್ರೆ ನಡೆಸಿದ ಹಕೀಮ್ ಅಬೂಬಕ್ರ್ ಅಲ್ ರಾಝೀ ಹೆಸರು ನಮ್ಮ ಮಕ್ಕಳಿಗೆ ಗೊತ್ತು. ಮಿದುಳು ಪೊರೆಯ ಉರಿಯೂತದ ಲಕ್ಷಣ ಕಂಡ ರೋಗಿಗಳಲ್ಲಿ ಒಂದು ಗುಂಪಿಗೆ ರಕ್ತ ತೆಗೆದು, ಇನ್ನೊಂದು ಗುಂಪಿಗೆ ಉದ್ದೇಶಪೂರ್ವಕವಾಗಿ ತೆಗೆಯದೆ ಬಿಟ್ಟು, ವ್ಯತ್ಯಾಸ ನೋಡಿದ್ದನ್ನು ಅವರ ‘ಕಿತಾಬುಲ್ ಹಾವೀ’ ಗ್ರಂಥದಲ್ಲಿ ದಾಖಲಿಸಲಾಗಿದೆ. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ಸುಮ್ಮನಾಗುವುದು ನಮ್ಮ ಭಾಷಣಗಳಲ್ಲಿ ವಾಡಿಕೆ. ಇಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ರಾಝೀ ಅವರಿಗೆ ರಕ್ತ ತೆಗೆಯುವುದೇ ಸರಿ ಎಂದು ಕಂಡಿತು. ಆ ಕಾಯಿಲೆಗೆ ಅದು ಮದ್ದಲ್ಲ ಎಂದು ಇಂದು ನಮಗೆ ಗೊತ್ತು. ಅಂದರೆ ಎರಡು ಗುಂಪು ಮಾಡಿದರೆ ಸಾಲದು. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯನ ಮನಸ್ಸು ಆರಿಸಬಾರದು, ನೋಡುವ ಕಣ್ಣಿಗೂ ಗುಂಪು ತಿಳಿದಿರಬಾರದು. ಈ ಎರಡನೆಯ ಪಾಠ ಕಲಿಯಲು ಮನುಷ್ಯಕುಲಕ್ಕೆ ಇನ್ನೊಂದು ಸಾವಿರ ವರ್ಷ ಹಿಡಿಯಿತು.

1948ರಲ್ಲಿ ಬ್ರಿಟನ್ನಿನಲ್ಲಿ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯ ವರದಿ ಬಂತು. 107 ರೋಗಿಗಳು. 55 ಜನರಿಗೆ ಔಷಧಿ, 52 ಜನರಿಗೆ ಅಂದು ರೂಢಿಯಲ್ಲಿದ್ದ ಹಾಸಿಗೆ ವಿಶ್ರಾಂತಿ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ ನಾಲ್ಕು ಸಾವು, ಎರಡನೆಯದರಲ್ಲಿ ಹದಿನಾಲ್ಕು. ಆ ಹದಿನಾಲ್ಕು ಜನರ ಲೆಕ್ಕ ಯಾರು ಕೊಡಬೇಕು ಎಂದು ಕೇಳಿದರೆ, ದೇಶದಲ್ಲಿ ಎಲ್ಲರಿಗೂ ಸಾಲುವಷ್ಟು ಔಷಧಿಯೇ ಇರಲಿಲ್ಲ ಎಂಬುದು ಉತ್ತರವಾಗಿತ್ತು. ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಎರಡನೆಯ ಗುಂಪಿಗೆ ಅವರು ಹುಸಿ ಇಂಜೆಕ್ಷನ್ ಕೊಡಲಿಲ್ಲ. ತಿಂಗಳುಗಟ್ಟಲೆ, ದಿನಕ್ಕೆ ನಾಲ್ಕು ಸಲ ಒಬ್ಬ ರೋಗಿಗೆ ಸುಮ್ಮನೆ ಸೂಜಿ ಚುಚ್ಚುವುದು ಸರಿಯಲ್ಲ ಎಂದು ಬಿಟ್ಟರು. ಸಾವು ಬದುಕನ್ನು ಎಣಿಸಲು ಹುಸಿಮದ್ದು ಬೇಕಾಗಿರಲಿಲ್ಲ. ಎಕ್ಸ್‌ರೇ ನೋಡುವವರಿಗೆ ರೋಗಿ ಯಾವ ಗುಂಪಿನವನೆಂದು ಹೇಳದಿದ್ದರೆ ಸಾಕಾಗಿತ್ತು. ಈ ವಿವೇಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಆ ತಲೆಬುರುಡೆಯ ತೂತಿನ ವಿಷಯ.

ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ, ಉರ್ದುವಿನಲ್ಲಿ ರಾಶಾ ಅನ್ನುತ್ತೇವೆ, ನಮ್ಮ ಮೊಹಲ್ಲಾಗಳಲ್ಲೂ ಹಲವು ಹಿರಿಯರಿಗಿದೆ. ಮಿದುಳಿನ ಆಳದಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು ಸಾಯುತ್ತಾ ಹೋಗುತ್ತವೆ. ಕೈ ನಡುಗುತ್ತದೆ, ಹೆಜ್ಜೆ ಹುಗಿದಂತೆ ನಿಲ್ಲುತ್ತದೆ, ಮುಖದ ಭಾವ ಮರೆಯಾಗುತ್ತದೆ. ಮಾತ್ರೆಯಿಂದ ಕೆಲವು ವರ್ಷ ಒಳ್ಳೆಯ ಗುಣ ಸಿಗುತ್ತದೆ, ಆಮೇಲೆ ಅದರ ಪ್ರಭಾವ ಏರುಪೇರಾಗುತ್ತದೆ. ಹಾಗಾದರೆ ಸತ್ತ ಕೋಶಗಳ ಜಾಗದಲ್ಲಿ ಹೊಸ ಕೋಶ ನೆಟ್ಟರೆ ಹೇಗೆ? 1987ರಲ್ಲಿ ಮೆಕ್ಸಿಕೊ ದೇಶದ ಒಂದು ತಂಡ ರೋಗಿಯ ಮೂತ್ರಪಿಂಡದ ಮೇಲಿರುವ ಗ್ರಂಥಿಯ ಅಂಗಾಂಶವನ್ನು ಅವರ ಮಿದುಳಿಗೇ ಕಸಿ ಮಾಡಿ, ಇಬ್ಬರು ರೋಗಿಗಳು ಅದ್ಭುತವಾಗಿ ಸುಧಾರಿಸಿದರೆಂದು ವರದಿ ಮಾಡಿತು. ಹೋಲಿಕೆಯ ಗುಂಪು ಇರಲಿಲ್ಲ. ಸುದ್ದಿ ಹರಡಿದ್ದೇ ತಡ, ಹಲವು ದೇಶಗಳಲ್ಲಿ ನೂರಾರು ಜನರ ಮೇಲೆ ಈ ಶಸ್ತ್ರಕ್ರಿಯೆ ನಡೆಯಿತು. ಆ ಅದ್ಭುತ ಮತ್ತೆ ಕಾಣಿಸಲಿಲ್ಲ. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು. ಆ ನೂರಾರು ಜನ ಯಾವ ಹುಸಿಮದ್ದಿನ ಗುಂಪಿನಲ್ಲೂ ಇರಲಿಲ್ಲ. ಎಲ್ಲರಿಗೂ ‘ಅಸಲಿ’ ಶಸ್ತ್ರಕ್ರಿಯೆಯೇ ಸಿಕ್ಕಿತ್ತು.

ಇದನ್ನು ಕಂಡ ಮೇಲೆ ಅಮೆರಿಕದಲ್ಲಿ ಕರ್ಟ್ ಫ್ರೀಡ್, ಸ್ಟ್ಯಾನ್ಲಿ ಫಾನ್ ಮೊದಲಾದ ವೈದ್ಯರು ಭ್ರೂಣದ ನರಕೋಶಗಳ ಕಸಿಯನ್ನು ಸರಿಯಾಗಿ ಪರೀಕ್ಷಿಸಲು ಹೊರಟರು. ಕಟ್ಟುನಿಟ್ಟಾಗಿ ಹೇಳಿದರೆ ಇವು ಕಾಂಡಕೋಶಗಳಲ್ಲ, ಆದರೆ ಇಂದಿನ ಕಾಂಡಕೋಶ ಕಸಿಯ ನೇರ ಹಿರಿಯಣ್ಣ ಇದೇ. ಗರ್ಭಪಾತವಾದ ಭ್ರೂಣದ ಅಂಗಾಂಶ ಬಳಸುವುದು ಸರಿಯೇ ಎಂಬುದು ಬೇರೆಯೇ ದೊಡ್ಡ ಚರ್ಚೆ. ಅದನ್ನು ಇಂದು ಎತ್ತಿಕೊಂಡರೆ ಊಟದ ಹೊತ್ತು ಮೀರುತ್ತದೆ. 40 ರೋಗಿಗಳನ್ನು ತೆಗೆದುಕೊಂಡರು. 20 ಜನರ ಹಣೆಯ ಮೂಳೆಯಲ್ಲಿ ತೂತು ಕೊರೆದು ಸೂಜಿಯಿಂದ ಕೋಶಗಳನ್ನು ಮಿದುಳಿಗೆ ಇಳಿಸಿದರು. ಉಳಿದ 20 ಜನರ ಹಣೆಯಲ್ಲೂ ತೂತು ಕೊರೆದರು, ಆದರೆ ಮಿದುಳಿನ ಹೊದಿಕೆಯನ್ನು ಮುಟ್ಟಲಿಲ್ಲ, ಏನನ್ನೂ ಹಾಕಲಿಲ್ಲ. ರೋಗಿಗಳಿಗೆ ಪ್ರಜ್ಞೆ ಇತ್ತು, ಆ ಜಾಗಕ್ಕಷ್ಟೇ ಮರಗಟ್ಟಿಸುವ ಮದ್ದು. ಇಂಥ ಸಾಧ್ಯತೆ ಇದೆ ಎಂದು ಮೊದಲೇ ಎಲ್ಲರಿಗೂ ಹೇಳಿ ಸಹಿ ಪಡೆದಿದ್ದರು. ಒಂದು ವರ್ಷದ ನಂತರ ಗುಟ್ಟು ಬಿಚ್ಚಿ, ಹುಸಿ ಶಸ್ತ್ರಕ್ರಿಯೆ ಆದವರು ಬಯಸಿದರೆ ನಿಜವಾದ ಕಸಿ ಮಾಡಿಕೊಡುತ್ತೇವೆ ಎಂಬ ಮಾತನ್ನೂ ಕೊಟ್ಟಿದ್ದರು.

ಇದರ ಮೇಲೆ ದೊಡ್ಡ ವಾಗ್ವಾದವೇ ನಡೆಯಿತು. 1999ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡೂ ಪಕ್ಷದ ಲೇಖನ ಬಂತು. ಇಂಥದೇ ಇನ್ನೊಂದು ಪ್ರಯೋಗ ನಡೆಸುತ್ತಿದ್ದ ಥಾಮಸ್ ಫ್ರೀಮನ್ ಮತ್ತು ಸಂಗಡಿಗರು, ಹುಸಿ ಶಸ್ತ್ರಕ್ರಿಯೆ ಇಲ್ಲದಿದ್ದರೆ ಸತ್ಯ ತಿಳಿಯುವುದಿಲ್ಲ, ಸತ್ಯ ತಿಳಿಯದೆ ಸಾವಿರಾರು ಜನರ ತಲೆ ಕೊರೆಯುವುದು ಹೆಚ್ಚು ಕೆಟ್ಟದ್ದು ಎಂದು ವಾದಿಸಿದರು. ನೀತಿಶಾಸ್ತ್ರಜ್ಞೆ ರೂತ್ ಮ್ಯಾಕ್ಲಿನ್ ಒಪ್ಪಲಿಲ್ಲ. ಸಂಶೋಧನೆಯ ಗುಣಮಟ್ಟ ಎಷ್ಟೇ ಮುಖ್ಯವಾಗಲಿ, ರೋಗಿಗೆ ಯಾವ ಉಪಕಾರವನ್ನೂ ಮಾಡದ ಶಸ್ತ್ರಕ್ರಿಯೆಯ ಅಪಾಯವನ್ನು ಅವನ ಮೇಲೆ ಹೇರುವುದು, ಅಪಾಯವನ್ನು ಆದಷ್ಟು ಕಡಿಮೆ ಮಾಡಬೇಕೆಂಬ ಮೂಲ ನಿಯಮಕ್ಕೇ ವಿರುದ್ಧ ಎಂಬುದು ಅವರ ಮಾತಿನ ಸಾರ. ಇಬ್ಬರದ್ದೂ ತೂಕದ ಮಾತೇ. ಚರ್ಚಾಸ್ಪರ್ಧೆಗೆ ವಿಷಯ ಹುಡುಕುವ ವಿದ್ಯಾರ್ಥಿಗಳು ‘ಮೊಬೈಲ್ ಬೇಕೇ ಬೇಡವೇ’ ಎಂಬುದನ್ನು ಬಿಟ್ಟು ಇದನ್ನು ತೆಗೆದುಕೊಳ್ಳಬಹುದು.

ಫಲಿತಾಂಶ 2001ರ ಮಾರ್ಚ್‌ನಲ್ಲಿ ಬಂತು. ರೋಗಿಗಳು ತಮ್ಮ ಸ್ಥಿತಿಗೆ ಮನೆಯಲ್ಲಿ ಕುಳಿತು ತಾವೇ ಅಂಕ ಕೊಟ್ಟುಕೊಂಡಿದ್ದರು. ಬಹಳ ಹದಗೆಟ್ಟಿದ್ದರೆ ಮೈನಸ್ ಮೂರು, ಬಹಳ ಸುಧಾರಿಸಿದ್ದರೆ ಪ್ಲಸ್ ಮೂರು. ಕಸಿ ಪಡೆದವರ ಸರಾಸರಿ ಸೊನ್ನೆ, ಹುಸಿ ಗುಂಪಿನದ್ದು ಮೈನಸ್ 0.4. ಲೆಕ್ಕಶಾಸ್ತ್ರದ ದೃಷ್ಟಿಯಲ್ಲಿ ಇದು ವ್ಯತ್ಯಾಸವೇ ಅಲ್ಲ. ಅರವತ್ತರೊಳಗಿನವರಲ್ಲಿ ವೈದ್ಯರ ಕೆಲವು ಅಳತೆಗಳಲ್ಲಿ ಸುಧಾರಣೆ ಕಂಡಿತು, ನಿಜ. ಆದರೆ ಕಾಲ ಕಳೆದಂತೆ, ಕಸಿ ಪಡೆದವರಲ್ಲಿ ಶೇಕಡ 15ರಷ್ಟು ಜನರಿಗೆ ಹಿಡಿತಕ್ಕೆ ಸಿಗದ ಸೆಳೆತ, ತಿರುಚುವಿಕೆ ಶುರುವಾಯಿತು. ಮಾತ್ರೆ ಕಡಿಮೆ ಮಾಡಿದರೂ ಅದು ನಿಲ್ಲಲಿಲ್ಲ. 2003ರಲ್ಲಿ ಪ್ರಕಟವಾದ ಎರಡನೆಯ ಪ್ರಯೋಗದಲ್ಲಿ 34 ರೋಗಿಗಳಿದ್ದರು. ಅಲ್ಲೂ ಒಟ್ಟಾರೆ ಲಾಭ ಸಾಬೀತಾಗಲಿಲ್ಲ, ಕಸಿ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅಂಥ ಸೆಳೆತ ಕಂಡಿತು.

ಈಗ ಹೇಳಿ, ಚೀಟಿ ಎತ್ತಿದಾಗ ಅದೃಷ್ಟ ಯಾರದ್ದಾಗಿತ್ತು? ‘ಪಾಪ, ಅವರಿಗೆ ಹುಸಿಮದ್ದು ಸಿಕ್ಕಿತು’ ಎಂದು ನಾವು ಮರುಗುವಾಗ, ನಿಜವಾದದ್ದು ಒಳ್ಳೆಯದು ಎಂದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತೇವೆ. ಅದು ಗೊತ್ತಿದ್ದರೆ ಪ್ರಯೋಗವೇ ಬೇಕಾಗಿರಲಿಲ್ಲ. ಗೊತ್ತಿದ್ದೂ ಒಬ್ಬನಿಗೆ ಕೊಡದೆ ಹೋದರೆ ಅದು ಅನ್ಯಾಯ. ಯಾರಿಗೂ ಗೊತ್ತಿಲ್ಲದಾಗ ಕೊಡದೆ ಇರುವುದು ವಂಚನೆಯಲ್ಲ. ನನ್ನ ದೃಷ್ಟಿಯಲ್ಲಿ ಈ ಇಡೀ ಚರ್ಚೆಯ ಕೀಲಿ ಇಲ್ಲಿದೆ.

ಇದೇ ಪ್ರಯೋಗದಿಂದ ಹುಟ್ಟಿದ ಇನ್ನೊಂದು ಅಧ್ಯಯನ 2004ರಲ್ಲಿ ಬಂತು. 30 ರೋಗಿಗಳನ್ನು, ನಿಮಗೆ ಯಾವುದು ಸಿಕ್ಕಿದೆ ಎಂದು ಅನಿಸುತ್ತದೆ ಎಂದು ಕೇಳಿದ್ದರು. ತಮಗೆ ನಿಜವಾದ ಕಸಿಯೇ ಆಗಿದೆ ಎಂದು ನಂಬಿದವರು, ವಾಸ್ತವವಾಗಿ ಆಗಿರಲಿ ಬಿಡಲಿ, ತಮ್ಮ ಬದುಕು ಉತ್ತಮವಾಗಿದೆ ಎಂದರು. ವೈದ್ಯರ ಅಳತೆಗಳಲ್ಲೂ ಆ ನಂಬಿಕೆಯ ಪ್ರಭಾವ ಕಂಡಿತು. ನಂಬಿಕೆಗೆ ಇಷ್ಟು ಶಕ್ತಿ ಇರುವಾಗ, ‘ನಮ್ಮ ಪೇಷೆಂಟ್ ಎದ್ದು ಓಡಾಡಿದರು’ ಎನ್ನುವ ವಿಡಿಯೊಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ತಾವೇ ಯೋಚಿಸಿ.

ಶಸ್ತ್ರಕ್ರಿಯೆಗೆ ಹುಸಿ ಶಸ್ತ್ರಕ್ರಿಯೆಯ ಹೋಲಿಕೆ ಅದಕ್ಕೂ ಹಿಂದೆಯೇ ಇತ್ತು. 1950ರ ದಶಕದಲ್ಲಿ ಎದೆನೋವಿಗೆ ಎದೆಯೊಳಗಿನ ಒಂದು ರಕ್ತನಾಳ ಕಟ್ಟುವ ಶಸ್ತ್ರಕ್ರಿಯೆ ಜನಪ್ರಿಯವಾಗಿತ್ತು. 1959 ಮತ್ತು 1960ರಲ್ಲಿ ಅಮೆರಿಕದ ಎರಡು ಚಿಕ್ಕ ಪ್ರಯೋಗಗಳಲ್ಲಿ, ಒಂದರಲ್ಲಿ 17 ಜನ, ಇನ್ನೊಂದರಲ್ಲಿ 18 ಜನ, ಕೆಲವರಿಗೆ ಚರ್ಮ ಕೊಯ್ದು ನಾಳ ಕಟ್ಟದೆ ಹೊಲಿದರು. ಅವರಿಗೂ ನೋವು ಅಷ್ಟೇ ಕಡಿಮೆಯಾಯಿತು. ಆ ಶಸ್ತ್ರಕ್ರಿಯೆ ಅಲ್ಲಿಗೆ ಮುಗಿಯಿತು. ಕೇವಲ 35 ಜನ ಎಷ್ಟು ಸಾವಿರ ಜನರನ್ನು ಚಾಕುವಿನಿಂದ ಉಳಿಸಿದರು! ಆದರೆ 1959ರ ಪ್ರಯೋಗದ ರೋಗಿಗಳಿಗೆ ಹುಸಿ ಶಸ್ತ್ರಕ್ರಿಯೆಯ ವಿಷಯ ಹೇಳಿರಲಿಲ್ಲ. ಅದು ತಪ್ಪು. ಫಲ ಒಳ್ಳೆಯದಾಯಿತೆಂದು ಹೇಳದೆ ಕೊಯ್ದದ್ದು ಸರಿಯಾಗುವುದಿಲ್ಲ.

ಇನ್ನು ಅತಿ ಕಠಿಣ ಪ್ರಶ್ನೆ. ಸಾಯುತ್ತಿರುವವನಿಗೆ ಹುಸಿಮದ್ದು ಕೊಡಬಹುದೇ? ಎಎಲ್‌ಎಸ್ ಎಂಬ ನರರೋಗವಿದೆ. ಕೈಕಾಲು, ಮಾತು, ನುಂಗುವುದು, ಕೊನೆಗೆ ಉಸಿರಾಟ, ಒಂದೊಂದಾಗಿ ನಿಲ್ಲುತ್ತವೆ. ಬಹುಪಾಲು ರೋಗಿಗಳು ಕೆಲವೇ ವರ್ಷ ಬದುಕುತ್ತಾರೆ. ನ್ಯೂರೋನ್ ಎಂಬ ಕಾಂಡಕೋಶ ಚಿಕಿತ್ಸೆಯ ಮೂರನೇ ಹಂತದ ಪ್ರಯೋಗದಲ್ಲಿ 196 ಜನ ಭಾಗವಹಿಸಿದರು. ಎಲ್ಲರಿಂದಲೂ ಮಜ್ಜೆ ತೆಗೆದರು, ಎಲ್ಲರಿಗೂ ಬೆನ್ನಿಗೆ ಮೂರು ಇಂಜೆಕ್ಷನ್. ಅರ್ಧ ಜನರ ಇಂಜೆಕ್ಷನ್‌ನಲ್ಲಿ ಕೋಶಗಳಿರಲಿಲ್ಲ. ಅವರ ಮನೆಯವರ ಸ್ಥಾನದಲ್ಲಿ ನಿಂತು ನೋಡಿ. ವರ್ಷ ಎರಡು ವರ್ಷ ಉಳಿದಿರುವವನಿಗೆ ತಿಂಗಳುಗಟ್ಟಲೆ ಹುಸಿಮದ್ದಿನ ಹಾದಿ ಕಾಯಿರಿ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಫಲಿತಾಂಶ ಹೀಗಿತ್ತು: ನಿಜವಾದದ್ದು ಪಡೆದವರಲ್ಲಿ ಶೇಕಡ 33 ಜನರಲ್ಲಿ ಕಾಯಿಲೆಯ ಓಟ ನಿಗದಿಪಡಿಸಿದಷ್ಟು ತಗ್ಗಿತು. ಹುಸಿಮದ್ದಿನವರಲ್ಲಿ ಶೇಕಡ 28. ಆ ಶೇಕಡ 28 ಎಂಬ ಅಂಕಿಯನ್ನು ಕೈಬೆರಳಲ್ಲಿ ಹಿಡಿದು ನೋಡಬೇಕು. ಹುಸಿಮದ್ದಿನ ಗುಂಪು ಇಲ್ಲದಿದ್ದರೆ ‘ಮೂವರಲ್ಲಿ ಒಬ್ಬರಿಗೆ ಗುಣ’ ಎಂದು ಜಗತ್ತೆಲ್ಲ ಡಂಗುರ ಹೊಡೆಯುತ್ತಿತ್ತು, ಮನೆ ಮಠ ಮಾರಿ ಜನ ಸಾಲು ನಿಲ್ಲುತ್ತಿದ್ದರು. ರೋಗಿಗಳ ಒತ್ತಡದ ನಡುವೆಯೂ 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧಿ ಇಲಾಖೆಯ ಸಲಹಾ ಸಮಿತಿ, ಇದರ ಗುಣ ಸಾಬೀತಾಗಿಲ್ಲ ಎಂದು 17 ಮತಗಳಿಂದ ಹೇಳಿತು. ಪರವಾಗಿ ಬಂದದ್ದು ಒಂದೇ ಮತ.

ಹಾಗೆಂದು ಸಾಯುವವರ ಮುಂದೆ ಬರಿ ಅಂಕಿ ಅಂಶ ಹಿಡಿದು ನಿಲ್ಲುವುದೂ ಮನುಷ್ಯತ್ವವಲ್ಲ. ಹಾದಿಗಳಿವೆ. ಮೂವರಲ್ಲಿ ಇಬ್ಬರಿಗೆ ನಿಜವಾದದ್ದು ಸಿಗುವಂತೆ ಚೀಟಿ ಮಾಡಬಹುದು. ಪ್ರಯೋಗ ಮುಗಿದೊಡನೆ, ಗುಣವಿದೆ ಎಂದು ಕಂಡರೆ, ಹುಸಿ ಗುಂಪಿಗೆ ಮೊದಲು ಕೊಡುತ್ತೇವೆ ಎಂದು ಬರೆದುಕೊಡಬಹುದು. ಮಧ್ಯದಲ್ಲೇ ಸ್ವತಂತ್ರ ಸಮಿತಿಯೊಂದು ಲೆಕ್ಕ ನೋಡಿ, ವ್ಯತ್ಯಾಸ ಸ್ಪಷ್ಟವಾದರೆ ಪ್ರಯೋಗ ನಿಲ್ಲಿಸಬಹುದು. ಮತ್ತು ಹುಸಿ ಸೂಜಿಯೇ ಬೇಕೆಂದಿಲ್ಲದ ಕಡೆ ಅದನ್ನು ಬಿಡಬಹುದು. ಪಾರ್ಶ್ವವಾಯು ಪೀಡಿತರಿಗೆ ಅವರದೇ ಮಜ್ಜೆಯ ಕೋಶ ಕೊಟ್ಟು ನೋಡಿದ ಭಾರತದ ಪ್ರಯೋಗವೊಂದು 2014ರಲ್ಲಿ ಪ್ರಕಟವಾಯಿತು. ಐದು ಆಸ್ಪತ್ರೆಗಳು, 120 ರೋಗಿಗಳು. ಯಾರಿಗೆ ಏನು ಸಿಕ್ಕಿದೆ ಎಂದು ತಿಳಿಯದ ವೈದ್ಯರು ಫಲಿತಾಂಶ ಅಳೆದರು. ಲಾಭವಿಲ್ಲ ಎಂದು ತಿಳಿಯಲು ಅಷ್ಟು ಸಾಕಾಯಿತು. 1948ರ ಆ ವಿವೇಕ ಎಂದೆನಲ್ಲ, ಅದು ಇಲ್ಲೂ ಕೆಲಸಕ್ಕೆ ಬಂತು.

ನಮ್ಮ ಬೆಂಗಳೂರಿನಲ್ಲೂ ಇಂಥ ಕೆಲಸ ನಡೆದಿದೆ. ಅಲ್ಲಿನ ಸ್ಟೆಂಪ್ಯುಟಿಕ್ಸ್ ಸಂಸ್ಥೆ ಬೇರೊಬ್ಬರ ಮಜ್ಜೆಯಿಂದ ಬೆಳೆಸಿದ ಕೋಶಗಳನ್ನು, ಕಾಲಿಗೆ ರಕ್ತ ಸಂಚಾರ ನಿಂತು ಕಾಲು ಕಳೆದುಕೊಳ್ಳುವ ಸ್ಥಿತಿಯ ರೋಗಿಗಳಲ್ಲಿ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿತು. 20 ಜನ, ಹತ್ತು ಹತ್ತು. ಎರಡೂ ಗುಂಪಿಗೆ ಎಂದಿನ ಚಿಕಿತ್ಸೆ ಮುಂದುವರಿಯಿತು. ಅದರ ಜೊತೆಗೆ ಒಬ್ಬರಿಗೆ ಕೋಶ, ಇನ್ನೊಬ್ಬರಿಗೆ ಹುಸಿಮದ್ದು, ಕಾಲಿನ ಸ್ನಾಯುವಿಗೆ. ಕಾಲಿನ ರಕ್ತದೊತ್ತಡದ ಅಳತೆ ಕೋಶ ಪಡೆದವರಲ್ಲಿ ಹೆಚ್ಚು ಸುಧಾರಿಸಿತು. ಆದರೆ ನೋವು? ಅದು ಎರಡೂ ಗುಂಪಿನಲ್ಲಿ ಕಡಿಮೆಯಾಯಿತು. ಮುಂದೆ ಮಂಡಿ ಸವೆತಕ್ಕೆ 146 ಜನರ ಪ್ರಯೋಗವನ್ನೂ ಹುಸಿಮದ್ದಿನ ಹೋಲಿಕೆಯೊಂದಿಗೇ ನಡೆಸಿದರು. ಎಂದಿನ ಚಿಕಿತ್ಸೆಯನ್ನು ಕಸಿದುಕೊಳ್ಳದೆ ಅದರ ಮೇಲೆ ಹೆಚ್ಚುವರಿಯಾಗಿ ಪರೀಕ್ಷಿಸುವ ಈ ವಿಧಾನದಲ್ಲಿ ಹುಸಿಮದ್ದಿನವನು ಬರಿಗೈಯಲ್ಲಿ ಉಳಿಯುವುದಿಲ್ಲ. ಕಾನೂನು ಕೂಡ ಇದನ್ನು ಗುರುತಿಸಿದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ, ಲಭ್ಯವಿದ್ದ ಎಂದಿನ ಚಿಕಿತ್ಸೆಯನ್ನು ಕೊಡದೆ ಹುಸಿಮದ್ದು ಕೊಟ್ಟು ಅದರಿಂದ ರೋಗಿಗೆ ಹಾನಿಯಾದರೆ ಪರಿಹಾರ ಕೊಡಬೇಕಾಗುತ್ತದೆ. ವಿಶ್ವ ವೈದ್ಯಕೀಯ ಸಂಘದ ಹೆಲ್ಸಿಂಕಿ ಘೋಷಣೆ 1964ರಿಂದ ಇದೆ, 2024ರಲ್ಲೂ ಪರಿಷ್ಕರಣೆಯಾಯಿತು; ಅದೂ ಸಾಬೀತಾದ ಮದ್ದು ಇಲ್ಲದ ಕಡೆ ಹುಸಿಮದ್ದನ್ನು ಒಪ್ಪುತ್ತದೆ, ಇರುವ ಕಡೆ ಬಲವಾದ ಕಾರಣ ಕೇಳುತ್ತದೆ, ಗಂಭೀರ ಹಾನಿಯ ಅಪಾಯವಿದ್ದರೆ ಬೇಡ ಎನ್ನುತ್ತದೆ.

ನಾನು ಈ ವಿಷಯ ಓದತೊಡಗಿದ್ದು ಪುಸ್ತಕದ ಹುಚ್ಚಿನಿಂದಲ್ಲ. ನಮ್ಮ ಶಾಲೆಯ ಒಬ್ಬ ಹುಡುಗನಿಗೆ ಸ್ನಾಯು ಸವೆತದ ಕಾಯಿಲೆ. ನಾಲ್ಕನೇ ತರಗತಿಯವರೆಗೆ ನಡೆದು ಬರುತ್ತಿದ್ದ. ಅವನ ಅಬ್ಬಾ ಬೇರೆ ಊರಿನ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ, ಇದ್ದ ಒಂದು ಸೈಟು ಮಾರಿ, ಮೂರು ಸಲ ಕಾಂಡಕೋಶ ಹಾಕಿಸಿದರು. ಅಲ್ಲಿ ಕೊಟ್ಟ ಫಾರ್ಮನ್ನು ಓದಿ ಹೇಳಿ ಸರ್ ಎಂದು ನನ್ನ ಬಳಿ ತಂದದ್ದು ಮೂರನೆಯ ಸಲವೂ ಆದ ಮೇಲೆ. ಇಂಗ್ಲಿಷ್‌ನಲ್ಲಿ ಸಣ್ಣ ಅಕ್ಷರದ ನಾಲ್ಕು ಪುಟ; ಫಲಿತಾಂಶದ ಖಾತ್ರಿ ಇಲ್ಲ ಎಂಬ ಸಾಲು ಮೂರನೇ ಪುಟದಲ್ಲಿತ್ತು. ಅಲ್ಲಿ ಹುಸಿಮದ್ದಿನ ಗುಂಪು ಇರಲಿಲ್ಲ. ಯಾರಿಗೆ ಗುಣವಾಯಿತು, ಯಾರಿಗೆ ಆಗಲಿಲ್ಲ ಎಂದು ಬರೆದಿಡುವ ಪುಸ್ತಕವೂ ಇದ್ದಂತೆ ಕಾಣಲಿಲ್ಲ. ಹುಡುಗ ಈಗ ಗಾಲಿಕುರ್ಚಿಯಲ್ಲಿ ಬರುತ್ತಾನೆ, ಕನ್ನಡದಲ್ಲಿ ತರಗತಿಗೇ ಮೊದಲಿಗ. ‘ಉಪ್ಪು ನೀರು ಕೊಡುವ ಪ್ರಯೋಗಕ್ಕೆ ನನ್ನ ಮಗನನ್ನು ಯಾಕೆ ಕೊಡಲಿ ಸರ್, ಅಲ್ಲಿ ಎಲ್ಲರಿಗೂ ಅಸಲಿಯೇ ಹಾಕ್ತಾರೆ ಅಂದ್ರು’ ಎಂದು ಆ ತಂದೆ ಹೇಳಿದ ಮಾತು ನನ್ನ ಕಿವಿಯಲ್ಲಿದೆ. ತಂದೆಯ ತಪ್ಪು ಅದರಲ್ಲಿ ಏನೂ ಇಲ್ಲ. ನಮ್ಮ ಮಗುವಿಗಾದರೆ ನಾವೂ ಅದನ್ನೇ ಹೇಳುತ್ತೇವೆ.

‘ಎಲ್ಲರಿಗೂ ಅಸಲಿ’ ಎಂಬ ಈ ಮಾತು ಎಲ್ಲಿಗೆ ಕರೆದೊಯ್ಯಬಹುದು ಎಂಬುದಕ್ಕೆ ಅಮೆರಿಕದ ಫ್ಲೋರಿಡಾದ ಒಂದು ಉದಾಹರಣೆ 2017ರಲ್ಲಿ ಪ್ರಕಟವಾಯಿತು. ವಯಸ್ಸಿನಿಂದ ದೃಷ್ಟಿ ಮಂದವಾದ ಮೂವರು ಮಹಿಳೆಯರಿಗೆ ಕ್ಲಿನಿಕ್ಕೊಂದು ಅವರದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಎರಡೂ ಕಣ್ಣಿಗೆ ಒಟ್ಟಿಗೆ ಚುಚ್ಚಿತು. ಅವರು ಅದಕ್ಕೆ ಹಣವನ್ನೂ ಕೊಟ್ಟಿದ್ದರು. ಇದ್ದ ದೃಷ್ಟಿಯ ಬಹುಪಾಲನ್ನು ಕಳೆದುಕೊಂಡರು. ನಿಜವಾದ ಪ್ರಯೋಗ ನಡೆಸುವವರು ಎರಡೂ ಕಣ್ಣನ್ನು ಒಂದೇ ದಿನ ಮುಟ್ಟುವುದಿಲ್ಲ, ಹಣವನ್ನೂ ಕೇಳುವುದಿಲ್ಲ.

ಈಗ ಭಾಷಾ ಶಿಕ್ಷಕನ ಮಾತು. ಉರ್ದುವಿನಲ್ಲಿ ಇಲಾಜ್ ಬೇರೆ, ಶಿಫಾ ಬೇರೆ, ತಜ್ರುಬಾ ಬೇರೆ. ವೈದ್ಯ ಮಾಡುವುದು ಇಲಾಜ್, ಅಂದರೆ ಚಿಕಿತ್ಸೆ. ಗುಣವಾಗುವುದು ಶಿಫಾ. ಪರೀಕ್ಷೆ ಮಾಡಿ ನೋಡುವುದು ತಜ್ರುಬಾ, ಕನ್ನಡದಲ್ಲಿ ಪ್ರಯೋಗ. ಆದರೆ ಒಪ್ಪಿಗೆ ಪತ್ರಗಳಲ್ಲಿ ‘ಅಧ್ಯಯನ ಚಿಕಿತ್ಸೆ’ ಎಂಬಂಥ ಪದ ಬಂದರೆ ಓದುವವರಿಗೆ ಚಿಕಿತ್ಸೆ ಎಂಬುದೊಂದೇ ಕಾಣುತ್ತದೆ. ಅಮೆರಿಕದ ಪಾಲ್ ಆ್ಯಪಲ್‌ಬಾಮ್ ಮತ್ತು ಸಂಗಡಿಗರು 1982ರಲ್ಲೇ ಇದನ್ನು ಗುರುತಿಸಿದರು. ಚೀಟಿ ಎತ್ತಿ ಗುಂಪು ಮಾಡುತ್ತೇವೆ ಎಂದು ವಿವರಿಸಿದ ಮೇಲೂ ಹಲವು ರೋಗಿಗಳು, ‘ಡಾಕ್ಟರು ನನಗೆ ಯಾವುದು ಒಳ್ಳೆಯದೋ ಅದನ್ನೇ ಕೊಡುತ್ತಾರೆ’ ಎಂದೇ ನಂಬಿರುತ್ತಾರೆ. ಅಲ್ಲಿ ವಿದ್ಯಾವಂತರ ಸ್ಥಿತಿ ಹಾಗಾದರೆ ನಮ್ಮಲ್ಲಿ ಹೆಬ್ಬೆಟ್ಟು ಒತ್ತುವವರ ಗತಿ? 2013ರಲ್ಲಿ ಸುಪ್ರೀಂ ಕೋರ್ಟಿನ ಮಧ್ಯಪ್ರವೇಶದ ನಂತರ ಒಪ್ಪಿಗೆ ಪಡೆಯುವುದನ್ನು ವಿಡಿಯೊ ಮಾಡಬೇಕೆಂಬ ನಿಯಮ ಬಂತು, 2015ರಲ್ಲಿ ಅದನ್ನು ಸಡಿಲಿಸಿದರು. ಕ್ಯಾಮೆರಾಕ್ಕಿಂತ ಒಳ್ಳೆಯ ಪದ ಮುಖ್ಯ ಎಂಬುದು ನನ್ನ ಅಭಿಪ್ರಾಯ. ‘ನಿಮಗೆ ಕೋಶ ಸಿಗದೇ ಇರುವ ಸಾಧ್ಯತೆ ಅರ್ಧಕ್ಕರ್ಧ. ಸಿಕ್ಕರೂ ಅದು ಒಳ್ಳೆಯದೋ ಕೆಟ್ಟದ್ದೋ ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ನಿಮ್ಮ ಸಹಾಯ ಕೇಳುತ್ತಿದ್ದೇವೆ.’ ಇಷ್ಟನ್ನು ಹೇಳಲು ನಾಲ್ಕು ಪುಟ ಬೇಕೇ? ಹೇಳಿದ ಮೇಲೆ ರೋಗಿಯೇ ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಲಿ. ತರಗತಿಯಲ್ಲಿ ಪಾಠ ಅರ್ಥವಾಯಿತೇ ಎಂದು ನಾವು ನೋಡುವುದೂ ಹೀಗೆಯೇ.

ಹಾಗಾದರೆ ನನ್ನ ನಿಲುವೇನು ಎಂದು ಕೇಳಬಹುದು. ಮಂಡಿಗೆ, ಕಾಲಿಗೆ ಒಂದು ಹುಸಿ ಇಂಜೆಕ್ಷನ್ ಕೊಡುವುದಕ್ಕೆ, ರೋಗಿ ತಿಳಿದು ಒಪ್ಪಿದ್ದರೆ, ನನ್ನ ಅಭ್ಯಂತರವಿಲ್ಲ. ಮಜ್ಜೆ ತೆಗೆದು ಬಳಸದೆ ಬಿಡುವುದಕ್ಕೆ ಮನಸ್ಸು ಹಿಂಜರಿಯುತ್ತದೆ. ತೆಗೆದ ಮಜ್ಜೆಯನ್ನು ಅವನ ಹೆಸರಿನಲ್ಲೇ ಜೋಪಾನ ಮಾಡಿಟ್ಟು, ಚಿಕಿತ್ಸೆ ಗೆದ್ದರೆ ಅವನಿಗೇ ಬಳಸುವುದಾದರೆ ಒಪ್ಪಬಹುದು. 2003ರ ಪಾರ್ಕಿನ್ಸನ್ ಪ್ರಯೋಗದಲ್ಲಿ ಹುಸಿ ಗುಂಪಿನವರಿಗೂ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಸೈಕ್ಲೋಸ್ಪೊರಿನ್ ಔಷಧಿ ಕೊಟ್ಟಿದ್ದರು, ಕಸಿಯೇ ಇಲ್ಲದಿದ್ದರೂ. ಅದನ್ನು ನಾನು ಒಪ್ಪಲಾರೆ. ಗುಟ್ಟು ಕಾಪಾಡಲು ಆರೋಗ್ಯವನ್ನು ಒತ್ತೆಯಿಡುವುದು ಅತಿಯಾಯಿತು. ಆ ಜಾಗದಲ್ಲಿ ಸಾದಾ ಮಾತ್ರೆ ಕೊಟ್ಟಿದ್ದರೂ ನಡೆಯುತ್ತಿತ್ತು. ತಲೆಬುರುಡೆಯ ತೂತಿನ ಬಗ್ಗೆ ಬಹಳ ಯೋಚಿಸಿದ್ದೇನೆ. ಮೆಕ್ಸಿಕೊದ ನಂತರದ ನೂರಾರು ಜನರನ್ನು ನೆನೆದಾಗ ಅದು ಸರಿ ಎನಿಸುತ್ತದೆ. ಆದರೆ ಆ 20 ಜನರ ಜಾಗದಲ್ಲಿ ನಮ್ಮ ಊರಿನ ಬೀಡಿ ಕಟ್ಟುವ ತಾಯಿಯೊಬ್ಬರನ್ನು ಕಲ್ಪಿಸಿಕೊಂಡರೆ, ಪ್ರಯಾಣದ ಖರ್ಚು, ಉಚಿತ ತಪಾಸಣೆ ಸಿಗುತ್ತದೆಂಬ ಆಸೆಗೆ ಅವರು ತಲೆ ಕೊಟ್ಟರೆ, ಆ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲು ನಾಲಿಗೆ ಏಳುವುದಿಲ್ಲ. ಒಂದೇ ತೂತು, ಒಬ್ಬರಲ್ಲಿ ತ್ಯಾಗ, ಇನ್ನೊಬ್ಬರಲ್ಲಿ ಬಡತನದ ಬೆಲೆ. ಇದು ಹಳೆಯ ಚರ್ಚೆಯೂ ಅಲ್ಲ. ಕಾಂಡಕೋಶದಿಂದ ತಯಾರಿಸಿದ ನರಕೋಶಗಳನ್ನು ಪಾರ್ಕಿನ್ಸನ್ ರೋಗಿಗಳಿಗೆ ಹಾಕುವ ಮೂರನೇ ಹಂತದ ಪ್ರಯೋಗವೊಂದು ಹುಸಿ ಶಸ್ತ್ರಕ್ರಿಯೆಯ ಹೋಲಿಕೆಯೊಂದಿಗೆ 2025ರಲ್ಲಿ ಶುರುವಾಯಿತು. ಅದರ ಹಿಂದಿನ, 12 ಜನರ ಹಂತದಲ್ಲಿ ಹೋಲಿಕೆಯ ಗುಂಪು ಇರಲಿಲ್ಲ, ಸುರಕ್ಷತೆಯನ್ನಷ್ಟೇ ಮುಖ್ಯವಾಗಿ ನೋಡಿದ್ದರು. ಆ ಕ್ರಮ ನನಗೆ ಸರಿ ಎನಿಸಿತು: ಮೊದಲು ಕೆಲವರಲ್ಲಿ ಅಪಾಯವಿಲ್ಲವೆಂದು ಕಂಡುಕೊಂಡು, ಆಮೇಲೆ ಹೋಲಿಕೆ.

ಕೊನೆಯದಾಗಿ ಕೆಲಸಕ್ಕೆ ಬರುವ ಮಾತು. ತಮ್ಮ ಮನೆಯಲ್ಲಿ ಯಾರಿಗಾದರೂ ಕಾಂಡಕೋಶದ ಹೆಸರು ಹೇಳಿದರೆ, ಮೊದಲು ಹಣ ಕೇಳುತ್ತಾರೆಯೇ ನೋಡಿ. ಮಜ್ಜೆಯ ಕಸಿಯಂಥ ಒಪ್ಪಿತ ಚಿಕಿತ್ಸೆ ಅಲ್ಲದೆ ಬೇರೆಯದಕ್ಕೆ ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಪ್ರಯೋಗ ಎಂದು ಹೇಳಿದರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಸಂಖ್ಯೆ ಕೇಳಿ. 2009ರ ಜೂನ್‌ನಿಂದ ಆ ನೋಂದಣಿ ಕಡ್ಡಾಯ. ಸಂಖ್ಯೆ ಕೊಟ್ಟರೆ ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಹುಡುಕಿ ನೋಡಬಹುದು, ಒಂಬತ್ತನೇ ತರಗತಿಯ ಮಕ್ಕಳೇ ಹುಡುಕಿಕೊಡುತ್ತಾರೆ. ಹುಸಿಮದ್ದಿನ ಗುಂಪು ಇದೆಯೇ, ಇದ್ದರೆ ಎಷ್ಟು ದಿನ, ಆಮೇಲೆ ನಮಗೇನು, ಹಾನಿಯಾದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ಇಂಗ್ಲಿಷ್ ಫಾರ್ಮು ಕೊಟ್ಟರೆ ಅಲ್ಲೇ ಸಹಿ ಮಾಡಬೇಡಿ, ಮನೆಗೆ ತನ್ನಿ. ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಎರಡು ಗಂಟೆಯವರೆಗೆ ಸ್ಟಾಫ್ ರೂಮಿನಲ್ಲಿರುತ್ತೇನೆ. ಉರ್ದುವಿನಲ್ಲಿ ಬೇಕಾದವರಿಗೆ ಉರ್ದು, ಕನ್ನಡದಲ್ಲಿ ಬೇಕಾದವರಿಗೆ ಕನ್ನಡ, ಕುಳಿತು ಸಾಲು ಸಾಲಾಗಿ ಓದೋಣ.